ಮೇಲೇಳದ ಕ್ಲಚ್ ಪೆಡಲ್: ದೋಷ ಎಲ್ಲಿದೆ?

ಭತ್ತದ ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಬಸ್ಸಿನಲ್ಲಿ ಬಂದವರಿಗೆ ಈ ನೋಟ ಹೊಸದಲ್ಲ. ರಸ್ತೆಯ ಅಂಚಿನಲ್ಲಿ ಚೀಲ ಹೇರಿದ ಲಾರಿಯೊಂದು ನಿಂತಿರುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರುತ್ತಾರೆ. ಚಾಲಕ ಬಾಗಿಲು ತೆರೆದು ಪೆಡಲುಗಳತ್ತ ಬಗ್ಗಿ ನೋಡುತ್ತಿರುತ್ತಾನೆ. ಏನಾಯಿತೆಂದು ಕೇಳಿದರೆ "ಕ್ಲಚ್ ಹಿಡಕಂಡೈತ್ರಿ" ಎಂಬ ಉತ್ತರ ಬರುತ್ತದೆ.

ಈ ಒಂದು ಮಾತಿನ ಹಿಂದೆ ಹಲವು ಬೇರೆ ಬೇರೆ ದೋಷಗಳು ಅಡಗಿರಬಹುದು. ಅವನ್ನು ಒಂದರಿಂದೊಂದು ಬೇರ್ಪಡಿಸಲು ದೊಡ್ಡ ಯಂತ್ರಗಳೇನೂ ಬೇಡ. ಪ್ರೌಢಶಾಲೆ ಮತ್ತು ಪಿಯುಸಿಯಲ್ಲಿ ನಾವು ಕಲಿಸುವ ಸನ್ನೆ, ಪ್ಯಾಸ್ಕಲ್ ನಿಯಮ, ಘರ್ಷಣೆ ಇಷ್ಟೇ ಸಾಕು. ಆದರೆ ಇವನ್ನು ಕ್ರಮವಾಗಿ ಬಳಸಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಅವನ ತಂದೆಗೆ ಇರುವುದು ಒಂದೇ ಲಾರಿ. ಕುರುಗೋಡು ಸೀಮೆಯ ಭತ್ತವನ್ನು ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಸಾಗಿಸಿ ಸಂಸಾರ ನಡೆಸುವವರು. "ಸರ್, ಒಂದೇ ತಿಂಗಳಲ್ಲಿ ಎರಡು ಸಲ ಕ್ಲಚ್ ಪ್ಲೇಟ್ ಹಾಕ್ಸಿದ್ವಿ. ಮತ್ತೆ ಸುಟ್ಟ ವಾಸನೆ ಬರ್ತೈತಿ. ಪೆಡಲ್ ಅರ್ಧಕ್ಕೇ ನಿಲ್ತೈತಿ, ಮ್ಯಾಲೆ ಏಳವಲ್ದು. ಮೂರನೇ ಸಲ ಗೇರ್ ಬಾಕ್ಸ್ ಇಳಿಸ್ಬೇಕು ಅಂತಾರ" ಎಂದ. ಸುಗ್ಗಿಯ ನಡುವೆ ಲಾರಿ ಒಂದು ದಿನ ನಿಂತರೂ ಆ ದಿನದ ಬಾಡಿಗೆ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಭಾನುವಾರ ನಾನೂ ಗ್ಯಾರೇಜಿಗೆ ಹೋದೆ. ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಕ್ಲಚ್ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ.

ಕಾಲಿನಿಂದ ಕ್ಲಚ್ಚಿನವರೆಗೆ

ಎಂಜಿನ್ನಿನ ಜೊತೆ ತಿರುಗುವ ದೊಡ್ಡ ಚಕ್ರಕ್ಕೆ ಫ್ಲೈವೀಲ್ ಎಂದು ಹೆಸರು. ಇದಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಬಲವಾದ ತಟ್ಟೆಯಾಕಾರದ ಸ್ಪ್ರಿಂಗ್ ಈ ಮೂರನ್ನೂ ಸದಾ ಒತ್ತಿ ಹಿಡಿದಿರುತ್ತದೆ. ಘರ್ಷಣೆಯಿಂದಾಗಿ ಮೂರೂ ಒಟ್ಟಿಗೆ ತಿರುಗಿ, ಎಂಜಿನ್ನಿನ ತಿರುಚುಬಲ ಗೇರ್ ಬಾಕ್ಸ್ ತಲುಪುತ್ತದೆ. ಗೇರ್ ಬದಲಿಸುವಾಗ ಈ ಹಿಡಿತವನ್ನು ಕ್ಷಣಕಾಲ ಬಿಡಿಸಬೇಕು. ಪೆಡಲ್ ಇರುವುದು ಅದಕ್ಕೆ. ಅಂದರೆ ಹಿಡಿದಿರುವುದು ಕ್ಲಚ್ಚಿನ ಸಹಜ ಸ್ಥಿತಿ. ಬಿಡಿಸುವುದಕ್ಕೆ ಮಾತ್ರ ನಾವು ಶ್ರಮ ಪಡಬೇಕು.

ಭಾರದ ಲಾರಿಗಳಲ್ಲಿ ಸಾಮಾನ್ಯವಾಗಿ ಈ ಶ್ರಮ ಹೀಗೆ ಸಾಗುತ್ತದೆ. ಪೆಡಲ್ ಒಂದು ಸನ್ನೆ. ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಒಳಗಿನ ದ್ರವ ಕೊಳವೆ ಮತ್ತು ರಬ್ಬರ್ ಹೋಸ್ ಮೂಲಕ ಗೇರ್ ಬಾಕ್ಸಿನ ಪಕ್ಕದ ಕ್ಲಚ್ ಬೂಸ್ಟರ್ ತಲುಪುತ್ತದೆ. ಅಲ್ಲಿ ದ್ರವದ ಒತ್ತಡ ಒಂದು ರಾಡನ್ನು ತಳ್ಳುತ್ತದೆ, ಜೊತೆಗೆ ಗಾಳಿಯ ಕವಾಟವನ್ನೂ ತೆರೆಯುತ್ತದೆ. ಟ್ಯಾಂಕಿನಲ್ಲಿರುವ ಸಂಪೀಡಿತ ಗಾಳಿ ಒಳನುಗ್ಗಿ ಅದೇ ರಾಡನ್ನು ಮತ್ತಷ್ಟು ಬಲದಿಂದ ತಳ್ಳುತ್ತದೆ. ರಾಡು ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು, ಬೇರಿಂಗು ತಟ್ಟೆ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಆಗ ಹಿಡಿತ ಬಿಡುತ್ತದೆ.

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ಬರಹ ಅಚ್ಚಾದದ್ದು ಆತನ ಮರಣಾನಂತರ, 1663ರಲ್ಲಿ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದನ್ನು ಬಳಸಿ ಜಲ ಒತ್ತುಯಂತ್ರಕ್ಕೆ 1795ರಲ್ಲಿ ಪೇಟೆಂಟ್ ಪಡೆದ. ಲಾರಿಯ ಕ್ಲಚ್ಚಿನಲ್ಲಿರುವುದೂ ಅದೇ ತತ್ತ್ವ.

ಒಂದು ಸಣ್ಣ ಲೆಕ್ಕ

ಲಾರಿಯಿಂದ ಲಾರಿಗೆ ಅಳತೆಗಳು ಬದಲಾಗುತ್ತವೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. ಚಾಲಕ ಪೆಡಲನ್ನು 150 ನ್ಯೂಟನ್ ಬಲದಿಂದ, ಅಂದರೆ ಸುಮಾರು 15 ಕಿಲೋಗ್ರಾಂ ಭಾರದಷ್ಟು, ಒತ್ತುತ್ತಾನೆ. ಪೆಡಲಿನ ಸನ್ನೆ ಅನುಪಾತ 6 ಆದರೆ ಪಿಸ್ಟನ್ನಿನ ಮೇಲೆ ಬೀಳುವ ಬಲ 900 ನ್ಯೂಟನ್. ಪಿಸ್ಟನ್ನಿನ ವ್ಯಾಸ 24 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 4.52 ಚದರ ಸೆಂ.ಮೀ. ಆದ್ದರಿಂದ ದ್ರವದ ಒತ್ತಡ ಸುಮಾರು 20 ಲಕ್ಷ ಪ್ಯಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ 20 ಪಟ್ಟು.

ಬೂಸ್ಟರಿನೊಳಗಿನ ದ್ರವದ ಪಿಸ್ಟನ್ 28 ಮಿ.ಮೀ. ವ್ಯಾಸದ್ದಾದರೆ ಅಲ್ಲಿ ದೊರೆಯುವ ಬಲ ಸುಮಾರು 1,225 ನ್ಯೂಟನ್. ಗಾಳಿಯ ಪಿಸ್ಟನ್ 80 ಮಿ.ಮೀ. ವ್ಯಾಸದ್ದು, ಗಾಳಿಯ ಒತ್ತಡ 6 ಲಕ್ಷ ಪ್ಯಾಸ್ಕಲ್ ಎಂದಾದರೆ ಇನ್ನೂ ಸುಮಾರು 3,015 ನ್ಯೂಟನ್ ಸೇರುತ್ತದೆ. ಒಟ್ಟು 4,240 ನ್ಯೂಟನ್. ಫೋರ್ಕಿನ ಅನುಪಾತ 2 ಆದರೆ ಬೇರಿಂಗಿನ ಮೇಲೆ ಸುಮಾರು 8,500 ನ್ಯೂಟನ್ ಬಲ ಬೀಳುತ್ತದೆ.

ಪೆಡಲ್ 18 ಸೆಂ.ಮೀ. ಚಲಿಸಿದರೆ ಬೇರಿಂಗ್ ಚಲಿಸುವುದು ಸುಮಾರು 11 ಮಿ.ಮೀ. ಮಾತ್ರ. ಕಾಲು ಮಾಡಿದ ಕೆಲಸ 27 ಜೌಲ್. ಬೇರಿಂಗ್ ಮಾಡಿದ್ದು ಸುಮಾರು 93 ಜೌಲ್. ಉಳಿದ 66 ಜೌಲ್ ಬಂದದ್ದು ಗಾಳಿಯಿಂದ. ಟ್ಯಾಂಕಿನಲ್ಲಿ ಗಾಳಿ ಇಲ್ಲದಿದ್ದರೆ ಇಡೀ ಕೆಲಸ ಕಾಲಿನ ಮೇಲೆಯೇ ಬಿದ್ದು, 150ರ ಬದಲು ಸುಮಾರು 520 ನ್ಯೂಟನ್ ಒತ್ತಬೇಕಾಗುತ್ತದೆ. ಹಾಗಾಗಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮೊದಲು ನೋಡಬೇಕಾದ್ದು ಗಾಳಿಯ ಮೀಟರು. ಬ್ರೇಕಿಗೂ ಗಾಳಿ ಬರುವುದು ಅದೇ ಕಂಪ್ರೆಸರಿನಿಂದ. ಆದ್ದರಿಂದ ಗಾಳಿ ಕಡಿಮೆ ಇರುವ ಲಾರಿಯನ್ನು ಮುಂದಕ್ಕೆ ಒಯ್ಯಲೇಬಾರದು.

ಹೋಗುವ ದಾರಿ, ಬರುವ ದಾರಿ

ನಮ್ಮ ಲಾರಿಯಲ್ಲಿ ಪೆಡಲ್ ಸಲೀಸಾಗಿ ಕೆಳಗೆ ಹೋಗುತ್ತಿತ್ತು, ಹಿಂದಿರುಗಿ ಬರುತ್ತಿರಲಿಲ್ಲ. ಹೋಗುವಾಗ ಇಲ್ಲದ ತಡೆ ಬರುವಾಗ ಏಕೆ?

ಹೋಗುವಾಗ ಕಾಲಿನ ಬಲವಿದೆ. ಸಣ್ಣಪುಟ್ಟ ಘರ್ಷಣೆ ಇದ್ದರೂ ಕಾಲು ಇನ್ನಷ್ಟು ಒತ್ತಿ ಅದನ್ನು ಮೀರಿಬಿಡುತ್ತದೆ. ಚಾಲಕನಿಗೆ ಅದು ಗೊತ್ತೂ ಆಗುವುದಿಲ್ಲ. ಬರುವಾಗ ಹಾಗಲ್ಲ. ಹಿಂದಿರುಗುವ ಮೊದಲ ಭಾಗದಲ್ಲಿ ಕ್ಲಚ್ಚಿನ ತಟ್ಟೆ ಸ್ಪ್ರಿಂಗ್ ದ್ರವವನ್ನು ಜೋರಾಗಿ ಹಿಂದಕ್ಕೆ ತಳ್ಳುತ್ತದೆ. ಪ್ಲೇಟು ಕಚ್ಚಿಕೊಳ್ಳುತ್ತ ಬಂದಂತೆ ಬೆರಳುಗಳ ಮೇಲಿನ ಭಾರ ಇಳಿದು, ದ್ರವದ ಒತ್ತಡ ಸೊನ್ನೆಯ ಹತ್ತಿರ ಬರುತ್ತದೆ. ಕೊನೆಯ ಭಾಗದಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ತರುವುದು ಮಾಸ್ಟರ್ ಸಿಲಿಂಡರಿನೊಳಗಿನ ಚಿಕ್ಕ ಸ್ಪ್ರಿಂಗ್. ಪೆಡಲನ್ನು ಎತ್ತುವುದು ಅದರದೇ ಸ್ಪ್ರಿಂಗ್. ಇವುಗಳ ಬಲ ಕಾಲಿನ ಬಲಕ್ಕೆ ಹೋಲಿಸಿದರೆ ಬಹಳ ಕಡಿಮೆ. ಘರ್ಷಣೆ ಸ್ವಲ್ಪ ಹೆಚ್ಚಾದರೂ ಅವು ಸೋಲುತ್ತವೆ. ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲ ಸಾಮಾನ್ಯವಾಗಿ ಚಲಿಸುತ್ತಿರುವ ವಸ್ತುವನ್ನು ಚಲಿಸುತ್ತಲೇ ಇಡಲು ಬೇಕಾದ ಬಲಕ್ಕಿಂತ ಹೆಚ್ಚು ಎಂಬುದನ್ನೂ ನೆನಪಿಡಿ. ಒಮ್ಮೆ ನಿಂತ ಪಿಸ್ಟನ್ ನಿಂತೇಬಿಡುತ್ತದೆ. ಪೆಡಲ್ ಅರ್ಧಕ್ಕೆ ನಿಲ್ಲುವುದರ ಗುಟ್ಟು ಇದು.

ಇದರಿಂದಾಗುವ ಹಾನಿ ಪೆಡಲಿಗಷ್ಟೇ ಸೀಮಿತವಲ್ಲ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ಸಿಲಿಂಡರಿಗೂ ಮೇಲಿನ ಡಬ್ಬಿಗೂ ನಡುವಿನ ಸಣ್ಣ ರಂಧ್ರ ತೆರೆಯುತ್ತದೆ. ಅರ್ಧಕ್ಕೇ ನಿಂತರೆ ದ್ರವ ಒಳಗೇ ಸಿಕ್ಕಿಬಿದ್ದು, ರಾಡು ಸ್ವಲ್ಪ ಹೊರಗೇ ಉಳಿಯುತ್ತದೆ. ಕ್ಲಚ್ ಪೂರ್ತಿ ಕಚ್ಚದೆ ಜಾರುತ್ತದೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತ 600 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತಿದೆ, ಪ್ಲೇಟು ನೂರಕ್ಕೆ 5ರಷ್ಟು ಜಾರುತ್ತಿದೆ ಎಂದುಕೊಳ್ಳಿ. ಆಗ ಕ್ಲಚ್ಚಿನೊಳಗೆ ಹುಟ್ಟುವ ಶಾಖ ಸುಮಾರು 4.7 ಕಿಲೋವ್ಯಾಟ್. ಸ್ನಾನದ ಮನೆಯ ಎರಡು ಗೀಸರ್‌ಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು ಉರಿಸಿದರೂ ಇಷ್ಟು ಶಾಖ ಬರಲಾರದು. ಪ್ಲೇಟು ಸುಡದೆ ಇನ್ನೇನು? ಅಂದರೆ ಸುಟ್ಟ ಪ್ಲೇಟು ರೋಗದ ಲಕ್ಷಣ, ರೋಗವಲ್ಲ. ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಪ್ಲೇಟು ಹಾಕಿದರೆ ಅದೂ ಸುಡುತ್ತದೆ. ನನ್ನ ವಿದ್ಯಾರ್ಥಿಯ ಮನೆಯವರು ಎರಡು ಸಲ ಹಣ ಕಳೆದುಕೊಂಡದ್ದು ಹೀಗೆ.

ಎರಡು ಪ್ರಶ್ನೆ, ನಾಲ್ಕು ಸ್ಥಿತಿ

ಅನುಮಾನಿಸಬೇಕಾದ ಜಾಗಗಳು ಏಳು: ಪೆಡಲ್ ಮತ್ತು ಅದರ ಸ್ಪ್ರಿಂಗ್, ಮಾಸ್ಟರ್ ಸಿಲಿಂಡರ್, ಕೊಳವೆ ಮತ್ತು ಹೋಸ್, ಸೋರಿಕೆ ಅಥವಾ ದ್ರವದಲ್ಲಿ ಸೇರಿದ ಗಾಳಿ, ಬೂಸ್ಟರಿನ ಗಾಳಿ ಭಾಗ, ಫೋರ್ಕ್ ಮತ್ತು ಬೇರಿಂಗ್, ಪ್ಲೇಟುಗಳು. ಒಂದೊಂದನ್ನೇ ಬಿಚ್ಚುತ್ತ, ಬದಲಿಸುತ್ತ ಹೋದರೆ ಯಾವಾಗ ಮುಗಿಯುವುದೋ ಹೇಳಲಾಗದು. ಪ್ರತಿ ಪರೀಕ್ಷೆಯೂ ಅನುಮಾನಗಳನ್ನು ಸುಮಾರು ಅರ್ಧಕ್ಕೆ ಇಳಿಸುವಂತಿದ್ದರೆ ಮೂರು ಪರೀಕ್ಷೆಗಳು ಸಾಕಾಗಬೇಕು. ಏಕೆಂದರೆ 2ನ್ನು ಮೂರು ಸಲ ಗುಣಿಸಿದರೆ 8.

ಮೊದಲು ಸುರಕ್ಷತೆ. ಲಾರಿ ಸಮತಟ್ಟು ನೆಲದಲ್ಲಿರಬೇಕು. ಟ್ಯಾಂಕಿನಲ್ಲಿ ಗಾಳಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳ ಹಿಂದೆ ಮುಂದೆ ಅಡ್ಡ ಕೊಟ್ಟು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಕೆಳಗಿರುವವನು ಫೋರ್ಕಿನ ಬಳಿ ಕೈ ಇಡಬಾರದು. ಒಬ್ಬರು ಪೆಡಲ್ ಒತ್ತಿ ಬಿಡಲಿ. ಇನ್ನೊಬ್ಬರು ಬೂಸ್ಟರಿನ ರಾಡನ್ನು ನೋಡಲಿ. ಈಗ ಕೇಳಬೇಕಾದ ಪ್ರಶ್ನೆ ಎರಡೇ: ಪೆಡಲ್ ಮೇಲೆ ಬಂದಿತೇ? ರಾಡು ಒಳಗೆ ಹೋಯಿತೇ?

ಪೆಡಲ್ ಮೇಲೆ, ರಾಡು ಒಳಗೆ ಇದ್ದರೆ ಈ ವ್ಯವಸ್ಥೆ ಸರಿಯಾಗಿದೆ. ಆಗಲೂ ಕ್ಲಚ್ ಜಾರುತ್ತಿದ್ದರೆ ಪ್ಲೇಟುಗಳನ್ನು ಅನುಮಾನಿಸಬಹುದು.

ಪೆಡಲ್ ಕೆಳಗೆ, ರಾಡು ಒಳಗೆ ಇದ್ದರೆ ನಡುವಿನ ದ್ರವ ಕಳೆದುಹೋಗಿದೆ ಎಂದರ್ಥ. ಸೋರಿಕೆ, ಸವೆದ ರಬ್ಬರ್ ಕಪ್ಪಿನ ಪಕ್ಕದಿಂದ ಜಾರಿದ ದ್ರವ, ಇಲ್ಲವೇ ಒಳಸೇರಿದ ಗಾಳಿ ಕಾರಣವಿರಬಹುದು. ಕೆಲವು ಲಾರಿಗಳ ಪೆಡಲಿಗೆ ಗೋಡೆಯ ಸ್ವಿಚ್ಚಿನಂತೆ ನಡುಬಿಂದು ದಾಟಿದ ಮೇಲೆ ಅದೇ ಕಡೆಗೆ ಎಳೆಯುವ ಸ್ಪ್ರಿಂಗ್ ಇರುತ್ತದೆ. ಹಿಂದಿನಿಂದ ದ್ರವದ ಒತ್ತಡ ಬಾರದಿದ್ದರೆ ಅದು ಪೆಡಲನ್ನು ಕೆಳಗೇ ಹಿಡಿದಿಡುತ್ತದೆ.

ಪೆಡಲ್ ಕೆಳಗೆ, ರಾಡೂ ಹೊರಗೆ ಇದ್ದರೆ ಬಹುಮಟ್ಟಿಗೆ ದೋಷ ಮುಂದಿನ ತುದಿಯಲ್ಲಿದೆ: ಪೆಡಲ್ ಅಥವಾ ಮಾಸ್ಟರ್ ಸಿಲಿಂಡರ್. ದ್ರವ ಕುಗ್ಗುವುದಿಲ್ಲವಾದ್ದರಿಂದ ಒಂದು ತುದಿ ನಿಂತರೆ ಇನ್ನೊಂದೂ ನಿಲ್ಲುತ್ತದೆ. ಹಿಂದಿನ ಭಾಗ ಇಣುಕಿ ನೋಡಿ "ರಾಡು ಹೊರಗೈತಿ, ಹಿಂದೇ ದೋಷ" ಎಂದು ತೀರ್ಮಾನಿಸುವವರು ತಪ್ಪುವುದು ಇಲ್ಲಿಯೇ.

ಪೆಡಲ್ ಮೇಲೆ ಬಂದಿದೆ, ರಾಡು ಮಾತ್ರ ಹೊರಗಿದೆ ಎಂದಾದರೆ ದೋಷ ಹೋಸ್, ಬೂಸ್ಟರ್, ಫೋರ್ಕ್ ಅಥವಾ ಬೇರಿಂಗಿನಲ್ಲಿದೆ; ಅಪರೂಪಕ್ಕೆ ಡಬ್ಬಿಗೆ ತೆರೆಯುವ ಆ ಸಣ್ಣ ರಂಧ್ರ ಕಟ್ಟಿರಬಹುದು. ಹಳೆಯ ಹೋಸಿನ ಒಳಪದರ ಊದಿಕೊಂಡು ಸೀಳಿದರೆ ಅದು ಏಕಮುಖ ಕವಾಟದಂತೆ ವರ್ತಿಸುತ್ತದೆ. ಕಾಲಿನ ಒತ್ತಡಕ್ಕೆ ದಾರಿ ಬಿಡುತ್ತದೆ, ಹಿಂದಿರುಗುವ ದ್ರವವನ್ನು ತಡೆಯುತ್ತದೆ.

ನಿಪ್ಪಲ್ ಹೇಳುವ ಸಾಕ್ಷಿ

ರಾಡು ಹೊರಗೇ ಉಳಿದಿರುವಾಗ ಮೂರನೆಯ ಪರೀಕ್ಷೆ. ಬೂಸ್ಟರಿನಲ್ಲಿ ಗಾಳಿ ತೆಗೆಯಲು ಇರುವ ನಿಪ್ಪಲಿಗೆ ಪಾರದರ್ಶಕ ನಳಿಕೆ ಹಾಕಿ, ಅದರ ತುದಿಯನ್ನು ಬಾಟಲಿಯಲ್ಲಿಟ್ಟು, ನಿಪ್ಪಲನ್ನು ಸ್ವಲ್ಪವೇ ಸಡಿಲಿಸಬೇಕು. ಕಣ್ಣಿಗೆ ಕನ್ನಡಕ ಇರಲಿ.

ದ್ರವ ಚಿಮ್ಮಿ, ಗಾಳಿ "ಉಸ್" ಎಂದು ಹೊರಹೋಗಿ, ರಾಡು ಒಳಗೆ ಸರಿದರೆ ಬೂಸ್ಟರು, ಫೋರ್ಕು, ಬೇರಿಂಗು ಎಲ್ಲ ಸರಿಯಾಗಿವೆ. ತಡೆ ನಿಪ್ಪಲಿಗಿಂತ ಮುಂದಿದೆ. ದ್ರವ ಬಂದರೂ "ಉಸ್" ಶಬ್ದವಿಲ್ಲ, ರಾಡೂ ಕದಲದು ಎಂದರೆ ಬೂಸ್ಟರಿನೊಳಗೆ ಗಾಳಿ ಸಿಕ್ಕಿಬಿದ್ದಿದೆ. ಶಬ್ದ ಬಂದರೂ ರಾಡು ಕದಲದಿದ್ದರೆ ಬೂಸ್ಟರಿನ ಪಿಸ್ಟನ್, ಫೋರ್ಕ್ ಅಥವಾ ಬೇರಿಂಗ್ ಹಿಡಿದುಕೊಂಡಿದೆ. ಗೇರ್ ಬಾಕ್ಸ್ ಇಳಿಸುವ ಮಾತು ಬರಬೇಕಾದ್ದು ಇಲ್ಲಿ, ಇದಕ್ಕೆ ಮೊದಲಲ್ಲ.

ಆ ಭಾನುವಾರ ನಾವು ಮಾಡಿದ್ದು ಇಷ್ಟೇ. ಪೆಡಲ್ ಅರ್ಧಕ್ಕೆ ನಿಂತಿತ್ತು, ರಾಡು ಕೆಲವು ಮಿ.ಮೀ. ಹೊರಗಿತ್ತು. ಮೇಸ್ತ್ರಿ ನಿಪ್ಪಲ್ ಸಡಿಲಿಸಿದರು. ದ್ರವ ಬಂತು, ಗಾಳಿಯ ಶಬ್ದ ಕೇಳಿತು, ರಾಡು ಒಳಗೆ ಹೋಯಿತು. ಪೆಡಲ್ ಮಾತ್ರ ಇದ್ದಲ್ಲೇ ಇತ್ತು. ನಿಪ್ಪಲ್ ಬಿಗಿದು, ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವಿನ ಪಿನ್ ತೆಗೆದಾಗ ಪೆಡಲ್ ಟಕ್ಕನೆ ಮೇಲೆದ್ದಿತು. ಅಂದರೆ ಪೆಡಲಿನದೂ ತಪ್ಪಿಲ್ಲ. ಉಳಿದದ್ದು ಮಾಸ್ಟರ್ ಸಿಲಿಂಡರ್ ಒಂದೇ. ಮೇಸ್ತ್ರಿ ನನ್ನ ಮುಖ ನೋಡಿ, "ಸಾರ್, ಇದನ್ನ ಬಿಚ್ಚೋದು ಅರ್ಧ ಗಂಟೆ ಕೆಲಸ. ನಾವು ಎರಡು ಸಲ ಗೇರ್ ಬಾಕ್ಸ್ ಇಳಿಸಿದ್ವಿ" ಎಂದರು.

'ಆಯಿಲ್' ಎಂಬ ಹೆಸರಿನ ತೊಂದರೆ

ಸಿಲಿಂಡರಿನ ರಬ್ಬರ್ ಕಪ್ ಮೆತ್ತಗಾಗಿ ಊದಿಕೊಂಡಿತ್ತು. ಕಾರಣ ತಿಳಿಯಲು ಡಬ್ಬಿಯ ದ್ರವದ ನಾಲ್ಕು ಹನಿಗಳನ್ನು ಒಂದು ಲೋಟ ನೀರಿಗೆ ಹಾಕಿದೆವು. ಒಂದಿಷ್ಟು ನೀರಿನಲ್ಲಿ ಬೆರೆಯಿತು, ಉಳಿದದ್ದು ಮೇಲೆ ತೇಲಿತು. ತೇಲಿದ್ದು ಪೆಟ್ರೋಲಿಯಂ ಎಣ್ಣೆ. ದಾರಿಯಲ್ಲಿ ದ್ರವ ಕಡಿಮೆಯಾದಾಗ ಯಾರೋ ಕೈಗೆ ಸಿಕ್ಕ ಎಣ್ಣೆಯನ್ನು ಸುರಿದಿದ್ದರು.

ನಾವೆಲ್ಲ 'ಬ್ರೇಕ್ ಆಯಿಲ್' ಎನ್ನುತ್ತೇವೆ. ಆದರೆ ಬಹುತೇಕ ವಾಹನಗಳಲ್ಲಿ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಈಥರ್ ಜಾತಿಯ ದ್ರವ. ಅದಕ್ಕೆ ಹೊಂದುವ ರಬ್ಬರು ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಊದುತ್ತದೆ. ಘನ ಅಳತೆಯಲ್ಲಿ ನೂರಕ್ಕೆ 12ರಷ್ಟು ಊದಿದರೆ ಉದ್ದದ ಅಳತೆಯಲ್ಲಿ ಸುಮಾರು 4ರಷ್ಟು ಹಿಗ್ಗುತ್ತದೆ. 24 ಮಿ.ಮೀ. ಇದ್ದ ಕಪ್ಪು 25 ಮಿ.ಮೀ. ಆಗಲು ಹವಣಿಸುತ್ತದೆ. ಸಿಲಿಂಡರ್ ಹಿಗ್ಗುವುದಿಲ್ಲ. ಕಪ್ಪು ಗೋಡೆಯನ್ನು ಒತ್ತುತ್ತದೆ, ಲಂಬ ಬಲ ಹೆಚ್ಚುತ್ತದೆ, ಅದರೊಂದಿಗೆ ಘರ್ಷಣೆಯೂ ಹೆಚ್ಚುತ್ತದೆ. ಕಾಲಿಗೆ ಅದು ಲೆಕ್ಕಕ್ಕಿಲ್ಲ, ಚಿಕ್ಕ ಸ್ಪ್ರಿಂಗಿಗೆ ಅದೇ ಬೆಟ್ಟ.

ಎಣ್ಣೆ ಸೇರಿದ ಮೇಲೆ ಮಾಸ್ಟರ್ ಸಿಲಿಂಡರಿನ ಕಪ್ಪು ಬದಲಿಸಿದರಷ್ಟೇ ಸಾಲದು. ಅದು ಹೋದ ದಾರಿಯ ರಬ್ಬರೆಲ್ಲ ಕೆಟ್ಟಿರುತ್ತದೆ. ಹೋಸ್, ಬೂಸ್ಟರಿನ ಸೀಲುಗಳನ್ನೂ ಬದಲಿಸಿ, ಕೊಳವೆಯನ್ನು ಸರಿಯಾದ ದ್ರವದಿಂದಲೇ ತೊಳೆದು, ಗಾಳಿ ತೆಗೆದು, ಪೆಡಲಿನ ತುದಿಯಲ್ಲಿ ತಯಾರಕರು ಹೇಳಿದಷ್ಟು ಸಡಿಲವನ್ನು ಇಟ್ಟೆವು. ಈ ಸಡಿಲ ಇಲ್ಲದಿದ್ದರೆ ಹೊಸ ಸಿಲಿಂಡರಿನಲ್ಲೂ ಆ ಸಣ್ಣ ರಂಧ್ರ ತೆರೆಯದೆ ಮತ್ತೆ ಕ್ಲಚ್ ಜಾರುತ್ತದೆ. ಸಂಜೆ ಲಾರಿ ಖಾಲಿಯಾಗಿ ಓಡಿತು. ಮರುದಿನ ಭತ್ತ ಹೇರಿ ಸಿರುಗುಪ್ಪಕ್ಕೆ ಹೋಯಿತು. ಗೇರ್ ಬಾಕ್ಸ್ ಇಳಿಸಲಿಲ್ಲ.

ಒಂದು ಎಚ್ಚರಿಕೆ: ಕೆಲವು ವಾಹನಗಳ ಕ್ಲಚ್ಚನ್ನು ತಯಾರಕರೇ ಖನಿಜ ಎಣ್ಣೆಗೆಂದು ರೂಪಿಸಿರುತ್ತಾರೆ. ಅವಕ್ಕೆ ಬ್ರೇಕ್ ದ್ರವ ಹಾಕಿದರೂ ಇದೇ ರೀತಿ ಹಾನಿ. ಆದ್ದರಿಂದ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿಯೇ ಸುರಿಯಬೇಕು.

ನಮ್ಮ ಸೀಮೆಯ ದೂಳು

ಬಳ್ಳಾರಿ ಸುತ್ತಿನ ಲಾರಿಗಳಿಗೆ ಇನ್ನೊಂದು ಶತ್ರು ದೂಳು. 2000ದ ದಶಕದಲ್ಲಿ ಸಂಡೂರು, ಹೊಸಪೇಟೆ ದಾರಿಗಳಲ್ಲಿ ಅದಿರಿನ ಲಾರಿಗಳ ಸಾಲು ಕಂಡವರಿಗೆ ಕೆಂಪು ದೂಳನ್ನು ವಿವರಿಸಬೇಕಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ನಂತರ ಷರತ್ತುಗಳೊಂದಿಗೆ ಅದು ಮತ್ತೆ ಆರಂಭವಾಯಿತು. ಈ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಮೋಸ್ ಕಾಠಿಣ್ಯ ಮಾನದಲ್ಲಿ ಅದರ ಸ್ಥಾನ 5.5ರಿಂದ 6.5. ಸಿರುಗುಪ್ಪದ ಕಡೆ ಭತ್ತದ ಹೊಟ್ಟಿನ ದೂಳು. ಹೊಟ್ಟನ್ನು ಸುಟ್ಟರೆ ತೂಕದ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ. ಎರಡೂ ಉಜ್ಜುಕಾಗದದ ಕೆಲಸ ಮಾಡುತ್ತವೆ. ಬೂಸ್ಟರಿನ ಗಾಳಿ ಹೊರಹೋಗುವ ಕಿಂಡಿ ಇಂಥ ದೂಳಿನಿಂದ ಕಟ್ಟಿಕೊಂಡರೆ ಗಾಳಿ ಒಳಗೇ ಉಳಿಯುತ್ತದೆ. ಪೆಡಲಿನ ಕೀಲಿನಲ್ಲಿ ಗ್ರೀಸಿನೊಂದಿಗೆ ಬೆರೆತರೆ ಅಂಟಾಗುತ್ತದೆ. ರಾಡಿನ ರಬ್ಬರ್ ಹೊದಿಕೆ ಹರಿದಿದ್ದರೆ ಸೀಲನ್ನು ಸವೆಸುತ್ತದೆ. ಕಿಂಡಿ, ಕೀಲು, ಹೊದಿಕೆ ಈ ಮೂರನ್ನು ಸುಗ್ಗಿಗೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಕ್ಲಚ್ ಬಿಚ್ಚಿದಾಗ ಅದರ ಪುಡಿಯನ್ನು ಗಾಳಿ ಬಿಟ್ಟು ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಅಪಾಯಕಾರಿ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಬ್ರೇಕ್ ದ್ರವ ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು; ನಿಗದಿತ ಪ್ರಮಾಣದ ತೇವ ಸೇರಿದಾಗ ಆ ಮಿತಿ 140 ಡಿಗ್ರಿ. ಕ್ಲಚ್ಚಿನಲ್ಲಿ ಕುದಿಯುವುದಕ್ಕಿಂತ ಹೆಚ್ಚಿನ ತೊಂದರೆ ತುಕ್ಕಿನದು. ತುಕ್ಕು ಹಿಡಿದ ಸಿಲಿಂಡರಿನಲ್ಲಿ ಹೊಸ ಕಪ್ಪೂ ಸಿಕ್ಕಿಕೊಳ್ಳುತ್ತದೆ. ಅರ್ಧ ಉಳಿದ, ಮುಚ್ಚಳ ತೆರೆದಿಟ್ಟ ಡಬ್ಬಿಯ ದ್ರವವನ್ನು ಬಳಸದಿರುವುದೇ ಮೇಲು.

ತರಗತಿಯಲ್ಲಿ ಮಾಡಿ ನೋಡಿ

ಸೂಜಿ ತೆಗೆದ 5 ಮತ್ತು 20 ಮಿಲಿಲೀಟರಿನ ಎರಡು ಹೊಸ ಸಿರಿಂಜುಗಳನ್ನು ಸಲೈನ್ ನಳಿಕೆಯಿಂದ ಜೋಡಿಸಿ, ಗುಳ್ಳೆ ಉಳಿಯದಂತೆ ನೀರು ತುಂಬಿ. ಚಿಕ್ಕದನ್ನು ಒತ್ತಿದಾಗ ದೊಡ್ಡದು ಎಷ್ಟು ಚಲಿಸುತ್ತದೆ, ಎಷ್ಟು ಭಾರ ಎತ್ತುತ್ತದೆ ಎಂದು ಅಳೆಯಿರಿ. ದೊಡ್ಡದರ ದಂಡಕ್ಕೆ ಹಿಂದಕ್ಕೆ ತಳ್ಳುವಂತೆ ರಬ್ಬರ್ ಬ್ಯಾಂಡ್ ಕಟ್ಟಿದರೆ ಅದೇ ಕ್ಲಚ್ಚಿನ ಸ್ಪ್ರಿಂಗ್. ನಂತರ ಒಂದು ಗುಳ್ಳೆ ಬಿಟ್ಟು ನೋಡಿ. ಕೊನೆಗೆ ಚಿಕ್ಕ ಸಿರಿಂಜಿನ ರಬ್ಬರ್ ತುದಿಯನ್ನು ಸೋಪಿನಿಂದ ತೊಳೆದು, ಜಿಡ್ಡು ತೆಗೆದು, ಒಣಗಿಸಿ ಹಾಕಿ. ಬೆರಳು ಒತ್ತಿದರೆ ಅದು ಹೋಗುತ್ತದೆ. ಬಿಟ್ಟರೆ ಹಿಂದಿರುಗಲು ತಡವರಿಸುತ್ತದೆ.

ಇನ್ನೊಂದು ಪ್ರಯೋಗ: ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತುಂಡುಗಳಲ್ಲಿ ಒಂದನ್ನು ಗ್ಲಿಸರಿನ್‌ನಲ್ಲೂ ಇನ್ನೊಂದನ್ನು ಸೀಮೆಎಣ್ಣೆಯಲ್ಲೂ ಇಡಿ. ಮರುದಿನ ಎರಡರ ಉದ್ದವನ್ನು ಅಳೆದು, ಅದರ ಘನದಿಂದ ಗಾತ್ರದ ಹೆಚ್ಚಳವನ್ನು ಲೆಕ್ಕ ಹಾಕಲಿ. ಸೀಮೆಎಣ್ಣೆ ಬಳಸುವಾಗ ಶಿಕ್ಷಕರು ಜೊತೆಗಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು.

ಲಾರಿ ನಡೆಸುವವರ, ಗ್ಯಾರೇಜಿನಲ್ಲಿ ದುಡಿಯುವವರ ಮಕ್ಕಳು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಈ ಪಾಠದ ದಿನ ಅವರೇ ನಮಗೆ ಹೆಚ್ಚು ಹೇಳಿಯಾರು. ಅವರು ಮನೆಗೆ ಹೋಗಿ, ಬಿಚ್ಚುವ ಮೊದಲು ಆ ಎರಡು ಪ್ರಶ್ನೆಗಳನ್ನು ಕೇಳಿದರೆ ಒಂದು ಪ್ಲೇಟಿನ ಹಣವಾದರೂ ಉಳಿದೀತು.